ಹಿತ್ತಲ ಮಣ್ಣಲ್ಲಿ ಸೀಸ ಇದೆಯಾ? ಗಿಡಗಳಿಂದಲೇ ಪತ್ತೆ ಮಾಡಿ, ಗಿಡಗಳಿಂದಲೇ ತಡೆಯುವ ಬಗೆ

ಚಿಕ್ಕಮ್ಮನ ಹಿತ್ತಲಲ್ಲಿ ಪಾಲಕ್ ಸೊಪ್ಪು ಸೊಗಸಾಗಿ ಬಂದಿತ್ತು. ಅಂಗೈ ಅಗಲದ ಎಲೆ, ಕಡುಹಸಿರು ಬಣ್ಣ, ಒಂದು ಹುಳದ ತೂತೂ ಇಲ್ಲ. ನಾನು ಮಾತ್ರ ಸೊಪ್ಪು ಬಿಟ್ಟು ಮೂಲೆಯ ಸಿಮೆಂಟ್ ಕಟ್ಟೆ ನೋಡುತ್ತಿದ್ದೆ. ಹತ್ತು ವರ್ಷದ ಹಿಂದೆ ಅಲ್ಲಿ ಬಾಡಿಗೆಗಿದ್ದವರು ಹಳೇ ಬ್ಯಾಟರಿ ಬಿಚ್ಚುವ ಕೆಲಸ ಮಾಡುತ್ತಿದ್ದರು. "ಮಣ್ಣು ಒಂದ್ಸಲ ಟೆಸ್ಟ್ ಮಾಡಿಸೋಣ ಚಿಕ್ಕಮ್ಮ" ಅಂದೆ. ಅವರು ನಕ್ಕರು. "ಮಣ್ಣು ಕೆಟ್ಟಿದ್ರೆ ಸೊಪ್ಪು ಹಿಂಗ್ ಬರ್ತಿತ್ತೇನೋ?"

ಬರುತ್ತದೆ. ತೊಂದರೆ ಇರೋದೇ ಅಲ್ಲಿ. ನಮಗೆ ಅಪಾಯ ಅನ್ನಿಸುವಷ್ಟು ಸೀಸ ಮಣ್ಣಲ್ಲಿದ್ದರೂ ಗಿಡಕ್ಕೆ ಅದರಿಂದ ಏನೂ ಆಗದೆ ಇರಬಹುದು. ಎಲೆ ಹಳದಿಯಾದರೆ ಬಹಳ ಸಲ ಅದು ಬರೀ ಪೋಷಕಾಂಶದ ಕೊರತೆ. ಗಿಡದ ಮುಖ ನೋಡಿ ಮಣ್ಣಲ್ಲಿ ಸೀಸ, ಕ್ಯಾಡ್ಮಿಯಂನಂಥ ಭಾರಲೋಹ ಇದೆಯಾ ಅಂತ ಹೇಳೋಕಾಗಲ್ಲ. ಆದರೆ ಗಿಡವನ್ನು ಸರಿಯಾಗಿ ಬೆಳೆಸಿ, ಕೊಯ್ದು, ಲ್ಯಾಬಿಗೆ ಕೊಟ್ಟರೆ ಅದರಷ್ಟು ಒಳ್ಳೆ ಸಾಕ್ಷಿ ಇನ್ನೊಂದಿಲ್ಲ. ಹಿತ್ತಲು, ಸೈಟು, ಕೆರೆ ಪಕ್ಕದ ಜಮೀನು ಇರುವವರು ಇದನ್ನೆಲ್ಲ ಹೇಗೆ ಮಾಡಬಹುದು ಅಂತ ಒಂದೊಂದಾಗಿ ಹೇಳುತ್ತೇನೆ.

ಶುರುವಲ್ಲೇ ಒಂದು ಮಾತು. ಎಲೆ ಕೊಳೆತರೆ ಅದರ ಸತ್ವ ಗೊಬ್ಬರವಾಗುತ್ತದೆ, ಸೀಸ ಮಾತ್ರ ಸೀಸವಾಗಿಯೇ ಉಳಿಯುತ್ತದೆ. ಗಿಡ ಅದನ್ನು ಕರಗಿಸಿಬಿಡಲ್ಲ. ಇದ್ದಲ್ಲೇ ಹಿಡಿದಿಡುತ್ತದೆ, ಇಲ್ಲವೇ ಮಣ್ಣಿಂದ ಎತ್ತಿ ತನ್ನ ಎಲೆಗೆ ತುಂಬಿಕೊಳ್ಳುತ್ತದೆ. ನಿಮ್ಮ ಜಾಗಕ್ಕೆ ಇವೆರಡರಲ್ಲಿ ಯಾವುದು ಬೇಕು ಅನ್ನೋದನ್ನು ತೀರ್ಮಾನಿಸುವುದೇ ಅರ್ಧ ಕೆಲಸ.

1. ಮೊದಲು ಜಾಗದ ಕಥೆ ಕೇಳಿ

ಲ್ಯಾಬಿಗೆ ಹೋಗುವ ಮೊದಲು ಅಕ್ಕಪಕ್ಕದ ಹಿರಿಯರನ್ನು ಮಾತಾಡಿಸಿ. ಇಲ್ಲಿ ಮುಂಚೆ ಏನಿತ್ತು? ಬ್ಯಾಟರಿ ಬಿಚ್ಚುವುದು, ಬೆಸುಗೆ, ಹಳೇ ಪೇಂಟ್ ಕೆರೆದದ್ದು ಅಂದರೆ ಸೀಸವನ್ನು ಹುಡುಕಿ. ಎಲೆಕ್ಟ್ರೋಪ್ಲೇಟಿಂಗ್ (ವಿದ್ಯುತ್ತಿನಿಂದ ಲೋಹದ ಲೇಪ ಹಾಕುವ ಕೆಲಸ) ಇದ್ದರೆ ಕ್ರೋಮಿಯಂ, ನಿಕಲ್, ಸತು. ಚರ್ಮ ಹದ ಮಾಡುವ ಜಾಗವಾಗಿದ್ದರೆ ಕ್ರೋಮಿಯಂ. ಹಳೇ ಮೊಬೈಲ್, ಕಂಪ್ಯೂಟರ್ ಬೋರ್ಡ್ ಸುಟ್ಟಿದ್ದರೆ ಸೀಸ, ಕ್ಯಾಡ್ಮಿಯಂ, ತಾಮ್ರ ಮೂರೂ ಸಿಗಬಹುದು.

ರಸ್ತೆ ಬದಿಯ ಹಳೇ ಮಣ್ಣಿಗೆ ಬೇರೆ ಕಥೆಯಿದೆ. ನಮ್ಮಲ್ಲಿ ಸೀಸ ಬೆರೆಸಿದ ಪೆಟ್ರೋಲ್ ನಿಂತದ್ದು 2000ದಲ್ಲಿ. ಅದಕ್ಕೂ ಮೊದಲು ಹೊಗೆಯ ಜೊತೆ ಕೂತ ಸೀಸ ಮಣ್ಣಿನ ಮೇಲ್ಪದರ ಬಿಟ್ಟು ಸುಲಭಕ್ಕೆ ಕದಲಲ್ಲ. ಮನೆ ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ದಾಟಬಾರದು ಅನ್ನುವ ನಿಯಮ ಬಂದದ್ದು 2016ರಲ್ಲಿ. ಹಾಗಾಗಿ ಹಳೇ ಮನೆಯ ಗೋಡೆ ಬುಡದ ಒಂದು ಮೀಟರ್ ಪಟ್ಟಿಯನ್ನು ಯಾವಾಗಲೂ ಬೇರೆಯಾಗಿ ನೋಡಬೇಕು.

ನೀರಿನ ಕಥೆಯನ್ನೂ ಕೇಳಿ. ಬೆಂಗಳೂರಿನ ಕೊಳಚೆ, ಕಾರ್ಖಾನೆ ನೀರು ಹೊತ್ತ ವೃಷಭಾವತಿ ಬಿಡದಿ ಹತ್ತಿರದ ಬೈರಮಂಗಲ ಕೆರೆಗೆ ಹೋಗಿ ಸೇರುತ್ತದೆ. ಆ ನೀರು ನೆಚ್ಚಿಕೊಂಡ ಎಷ್ಟೋ ರೈತರು ಭತ್ತ ಬಿಟ್ಟು ಬೇಬಿ ಕಾರ್ನ್, ಮೇವಿನ ಹುಲ್ಲು, ಹಿಪ್ಪುನೇರಳೆಗೆ ಬದಲಾದರು. ಅಂಥ ಕಡೆ ಮಣ್ಣನ್ನು ಎಷ್ಟೇ ಸರಿ ಮಾಡಿದರೂ ನೀರು ಮತ್ತೆ ತಂದು ಸುರಿಯುತ್ತದೆ. ಮೊದಲು ಬರುವ ದಾರಿ ಮುಚ್ಚಬೇಕು, ಆಮೇಲೆ ಗಿಡದ ಮಾತು.

2. ಮಣ್ಣಿನ ಮಾದರಿ ತೆಗೆಯುವುದು

ಇದರಲ್ಲಿ ಅವಸರ ಮಾಡಿದರೆ ಮುಂದಿನದ್ದೆಲ್ಲ ದಂಡ.

ಜಾಗವನ್ನು ತುಂಡು ಮಾಡಿಕೊಳ್ಳಿ: ಕಟ್ಟೆ ಸುತ್ತ ಒಂದು, ಸೊಪ್ಪಿನ ಮಡಿ ಒಂದು, ಗೋಡೆ ಬುಡ ಒಂದು. ಪ್ರತಿ ತುಂಡಲ್ಲೂ ಅಂಕುಡೊಂಕಾಗಿ ನಡೆದು 10-15 ಕಡೆ, 15 ಸೆಂ.ಮೀ. ಆಳದವರೆಗೆ ಮಣ್ಣು ತೆಗೆಯಿರಿ. ತುಕ್ಕು ಹಿಡಿದ ಗುದ್ದಲಿ, ತಗಡಿನ ಬಾಂಡ್ಲಿ ಬೇಡ. ಪ್ಲಾಸ್ಟಿಕ್ ಕರಣೆ, ಪ್ಲಾಸ್ಟಿಕ್ ಬಕೆಟ್ ಸಾಕು. ಒಂದು ತುಂಡಿನ ಮಣ್ಣನ್ನೆಲ್ಲ ಬಕೆಟ್ಟಲ್ಲಿ ಕಲಸಿ, ಹಾಳೆ ಮೇಲೆ ಹರಡಿ, ದೋಸೆ ಕತ್ತರಿಸಿದ ಹಾಗೆ ನಾಲ್ಕು ಭಾಗ ಮಾಡಿ. ಎದುರುಬದುರಿನ ಎರಡು ಭಾಗ ಇಟ್ಟುಕೊಂಡು ಉಳಿದದ್ದು ಬಿಡಿ. ಮತ್ತೆ ಕಲಸಿ, ಮತ್ತೆ ನಾಲ್ಕು ಭಾಗ. ಅರ್ಧ ಕಿಲೋ ಉಳಿಯುವವರೆಗೆ ಹೀಗೇ ಮಾಡಿ, ನೆರಳಲ್ಲಿ ಒಣಗಿಸಿ, ಚೀಲದ ಮೇಲೆ ತಾರೀಕು ಮತ್ತು ಜಾಗ ಬರೆಯಿರಿ. ಯಾವ ಕಡೆಯಿಂದ ತೆಗೆದಿರಿ ಅಂತ ಒಂದು ಕೈನಕ್ಷೆ ಬರೆದಿಟ್ಟುಕೊಳ್ಳಿ. ಮುಂದಿನ ವರ್ಷ ಅದೇ ಬೇಕಾಗುತ್ತದೆ.

ನಾನು ಮೊದಲ ಸಲ ಎಡವಿದ್ದು ಇಲ್ಲೇ. ಒಂದು ಲ್ಯಾಬಿಗೆ "ಮಣ್ಣು ಪರೀಕ್ಷೆ" ಅಂತಷ್ಟೇ ಹೇಳಿ ಕೊಟ್ಟು ಬಂದೆ. ವರದಿ ಬಂತು: ಸಾರಜನಕ, ರಂಜಕ, ಪೊಟ್ಯಾಷ್, ಸತು, ಬೋರಾನ್... ಸೀಸದ ಸುದ್ದಿಯೇ ಇಲ್ಲ. ತಪ್ಪು ನನ್ನದೇ, ನಾನು ಕೇಳಿರಲಿಲ್ಲ. ಸರ್ಕಾರದ ಮಣ್ಣು ಆರೋಗ್ಯ ಚೀಟಿಯಲ್ಲೂ 12 ಅಂಶ ನೋಡುತ್ತಾರೆ. ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ ಅದರಲ್ಲಿ ಇಲ್ಲ. ಎನ್‌ಎಬಿಎಲ್ (ಲ್ಯಾಬುಗಳನ್ನು ಪರಿಶೀಲಿಸುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿಗೆ ಹೋಗಿ, "ಒಟ್ಟು ಸೀಸ, ಒಟ್ಟು ಕ್ಯಾಡ್ಮಿಯಂ" ಅಂತ ಲೋಹದ ಹೆಸರು ಹೇಳಿ ಬರೆಸಿ, ಜೊತೆಗೆ ಪಿಎಚ್ (ಮಣ್ಣಿನ ಹುಳಿ ಎಷ್ಟು ಅಂತ ಹೇಳುವ ಅಂಕಿ) ಕೂಡ ಕೇಳಿ. ದರವನ್ನು ಮೊದಲೇ ವಿಚಾರಿಸಿ. ಲೋಹಕ್ಕೊಂದು ಲೆಕ್ಕದಲ್ಲಿ ದುಡ್ಡು ತೆಗೆದುಕೊಳ್ಳುವ ಕಡೆ ಸುಮ್ನೆ ಹತ್ತು ಲೋಹ ಬರೆಸಿದರೆ ಜೇಬು ಖಾಲಿ. ಜಾಗದ ಕಥೆ ಮೊದಲು ಕೇಳಿ ಅಂದದ್ದು ಇದಕ್ಕೇ.

3. ವರದಿ ಓದುವುದು

ವರದಿಯಲ್ಲಿ ಒಂದು ಕಿಲೋ ಮಣ್ಣಿಗೆ ಇಷ್ಟು ಮಿಲಿಗ್ರಾಂ ಅಂತ ಇರುತ್ತದೆ. ಪಿಪಿಎಂ ಅಂದರೂ ಅದೇ. ಮನೆ ಹಿತ್ತಲಿಗೆ ಒಂದು ಅಂದಾಜು ಬೇಕು ಅಂದರೆ ಅಮೆರಿಕದ ಪರಿಸರ ಸಂಸ್ಥೆಯ ಅಂಕಿ ನೋಡಬಹುದು. ಮಕ್ಕಳು ಆಡುವ ವಸತಿ ಮಣ್ಣಿನ ಸೀಸಕ್ಕೆ ಬಹಳ ವರ್ಷ 400 ಪಿಪಿಎಂ ಇಟ್ಟುಕೊಂಡಿದ್ದವರು 2024ರಲ್ಲಿ ಅದನ್ನು 200ಕ್ಕೆ ಇಳಿಸಿದರು. ಚಿಕ್ಕಮ್ಮನ ಕಟ್ಟೆ ಸುತ್ತಲಿನ ಮಣ್ಣು 300 ದಾಟಿತ್ತು. ಸೊಪ್ಪಿನ ಮಡಿ ಅದಕ್ಕಿಂತ ಎಷ್ಟೋ ವಾಸಿ ಇತ್ತು. ತುಂಡು ಮಾಡಿ ತೆಗೆದಿದ್ದಕ್ಕೆ ಇದು ಗೊತ್ತಾಯಿತು, ಇಲ್ಲದಿದ್ದರೆ ಇಡೀ ಹಿತ್ತಲಿಗೆ ಒಂದೇ ಸರಾಸರಿ ಬಂದು ಏನೂ ತಿಳಿಯುತ್ತಿರಲಿಲ್ಲ.

4. ಗಿಡವನ್ನು ಸಾಕ್ಷಿ ಮಾಡುವುದು

ಮಣ್ಣಲ್ಲಿ ಎಷ್ಟಿದೆ ಅಂತ ಲ್ಯಾಬ್ ಹೇಳಿತು. ಅದರಲ್ಲಿ ಗಿಡಕ್ಕೆ ಹೋಗುವುದೆಷ್ಟು? ಬರುತ್ತಿರುವುದು ಮಣ್ಣಿಂದಲೋ ಗಾಳಿಯಿಂದಲೋ? ಇದನ್ನು ಗಿಡವೇ ಹೇಳಬೇಕು. ಮೂರು ಪ್ರಯೋಗ ಕೊಡುತ್ತೇನೆ. ಮೂರನ್ನೂ ಮಾಡಬೇಕಂತಿಲ್ಲ.

*ಕುಂಡದ ಪ್ರಯೋಗ.* ನನಗೆ ಅತಿ ಇಷ್ಟವಾದದ್ದು ಇದು. ಜರ್ಮನಿಯಲ್ಲಿ ಒಂದೇ ಅಳತೆಯ ಕುಂಡಗಳಲ್ಲಿ ರೈ ಹುಲ್ಲು ಬೆಳೆಸಿ, ಕಾರ್ಖಾನೆ ಸುತ್ತ ಇಟ್ಟು, ಕೊಯ್ದು ಲೋಹ ಅಳೆಯುವ ಪದ್ಧತಿಗೆ ಅಧಿಕೃತ ಮಾರ್ಗಸೂಚಿಯೇ ಇದೆ. ನಮಗೆ ಸಾಸಿವೆ, ಪಾಲಕ್ ಅಥವಾ ಹರಿವೆ ಆಗುತ್ತದೆ. ಬೇಗ ಬೆಳೆಯುತ್ತವೆ, ಲೋಹವನ್ನು ಬೇರೆ ತರಕಾರಿಗಿಂತ ಜಾಸ್ತಿ ಎಳೆಯುತ್ತವೆ.

ಮೂರು ಬಗೆಯ ಕುಂಡ ಮಾಡಿ. ಒಂದು, ಅನುಮಾನದ ಮಣ್ಣು, ಅನುಮಾನದ ಜಾಗದಲ್ಲೇ. ಎರಡು, ಪರೀಕ್ಷೆ ಮಾಡಿಸಿದ ಒಳ್ಳೆ ಮಣ್ಣು, ಅದೇ ಜಾಗದಲ್ಲಿ. ಮೂರು, ಅದೇ ಒಳ್ಳೆ ಮಣ್ಣು, ದೂರದ ನೆಂಟರ ಮನೆಯಲ್ಲಿ. ಪ್ರತಿಯೊಂದಕ್ಕೂ ಮೂರು ಮೂರು ಕುಂಡ, ಒಟ್ಟು ಒಂಬತ್ತು. ಒಂದೇ ಪೊಟ್ಟಣದ ಬೀಜ, ಒಂದೇ ನೀರು. 40-45 ದಿನಕ್ಕೆ ಕೊಯ್ಯಿರಿ. ಮೊದಲನೆಯದರಲ್ಲಿ ಮಾತ್ರ ಸೀಸ ಜಾಸ್ತಿ ಬಂದರೆ ದೋಷ ಮಣ್ಣಿನದು. ಎರಡನೆಯದರಲ್ಲೂ ಬಂದರೆ ಗಾಳಿ ಹೊತ್ತು ತರುತ್ತಿದೆ. ಮೂರರಲ್ಲೂ ಬಂದರೆ ನಿಮ್ಮ "ಒಳ್ಳೆ ಮಣ್ಣು" ಅಥವಾ ನೀರನ್ನೇ ಅನುಮಾನಿಸಿ. ನರ್ಸರಿಯ ಕೆಮ್ಮಣ್ಣು ಅಂದ ಮಾತ್ರಕ್ಕೆ ಶುದ್ಧ ಅಂತಲ್ಲ.

*ತೊಳೆದ ಎಲೆ, ತೊಳೆಯದ ಎಲೆ.* ಇದು ಇನ್ನೂ ಸುಲಭ. ಒಂದೇ ಮಡಿಯ ಎಲೆಗಳನ್ನು ಎರಡು ಪಾಲು ಮಾಡಿ. ಒಂದನ್ನು ನಲ್ಲಿ ನೀರಲ್ಲಿ ತೊಳೆದು ಡಿಸ್ಟಿಲ್ಡ್ ವಾಟರಿನಲ್ಲಿ ಅದ್ದಿ ತೆಗೆಯಿರಿ. ಇನ್ನೊಂದನ್ನು ಹಾಗೇ ಬಿಡಿ. ಎರಡನ್ನೂ ಕಾಗದದ ಚೀಲಕ್ಕೆ ಹಾಕಿ ಲ್ಯಾಬಿಗೆ ಕೊಡಿ. ಅಂಕಿಯಲ್ಲಿ ದೊಡ್ಡ ವ್ಯತ್ಯಾಸ ಬಂದರೆ ಲೋಹ ಎಲೆಯ ಮೇಲಿನ ಧೂಳಲ್ಲಿದೆ ಅಂತ ಅರ್ಥ. ಹೆದ್ದಾರಿ ಬದಿಯ ತೋಟಕ್ಕೆ ಇದೊಂದು ಪರೀಕ್ಷೆ ಸಾಕಾಗಬಹುದು.

*ಹಾವಸೆ ಚೀಲ.* ಗೋಡೆ ಮೇಲೆ ಮಳೆಗಾಲದಲ್ಲಿ ಹಸಿರಾಗಿ ಹಬ್ಬುವ ಹಾವಸೆಗೆ ನಿಜವಾದ ಬೇರಿಲ್ಲ. ಬಂಡೆ, ಮರದ ತೊಗಟೆ ಮೇಲಿನ ಕಲ್ಲುಹೂವಿಗೂ ಇಲ್ಲ. ಹೌದು, ಮಸಾಲೆಗೆ ಹುರಿದು ಹಾಕುವ ಅದೇ ಕಲ್ಲುಹೂವು. ಇವೆರಡೂ ಬೇಕಾದ್ದನ್ನೆಲ್ಲ ಮಳೆ, ಗಾಳಿ, ಧೂಳಿನಿಂದಲೇ ಹೀರುತ್ತವೆ, ಜೊತೆಗೆ ಲೋಹವನ್ನೂ. ಸ್ವೀಡನ್ನಿನವರು 1960ರ ದಶಕದ ಕೊನೆಯಲ್ಲೇ ಹಾವಸೆಯಿಂದ ಗಾಳಿಯ ಲೋಹ ಅಳೆಯಲು ಶುರುಮಾಡಿದರು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ ಅರಣ್ಯ ಇಲಾಖೆಯ ವಿಜ್ಞಾನಿಗಳು ಮರಗಳ ಮೇಲಿನ ಹಾವಸೆಯ 346 ಮಾದರಿ ತೆಗೆದು ನಕ್ಷೆ ಮಾಡಿದಾಗ ಕ್ಯಾಡ್ಮಿಯಂ ಒಂದು ಕಡೆ ಗುಡ್ಡೆಯ ಹಾಗೆ ಎದ್ದು ಕಂಡಿತು. ಹೋಗಿ ನೋಡಿದರೆ ಅಲ್ಲೊಂದು ಬಣ್ಣದ ಗಾಜಿನ ಕಾರ್ಖಾನೆ! 2016ರಲ್ಲಿ ಇದು ಹೊರಬಂದ ಮೇಲೆ ಊರೇ ಎದ್ದು ಕೂತಿತು. ನಮ್ಮ ಪಕ್ಕದ ಕೊಡೈಕನಾಲಿನಲ್ಲೂ ಹಾಗೇ ಆಗಿದೆ. ಅಲ್ಲಿನ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು. ಸುತ್ತಲಿನ ಕಲ್ಲುಹೂವು, ಹಾವಸೆಯಲ್ಲಿ ಪಾದರಸ ಸೇರಿಕೊಂಡಿರುವುದನ್ನು ಹೈದರಾಬಾದಿನ ವಿಜ್ಞಾನಿಗಳು 2003ರಲ್ಲಿ ತೋರಿಸಿದರು.

ನೀವು ಮಾಡುವ ಬಗೆ ಇದು. ನರ್ಸರಿಯಲ್ಲಿ ಆರ್ಕಿಡ್ ಗಿಡಕ್ಕೆ ಅಂತ ಒಣಗಿದ ಸ್ಫ್ಯಾಗ್ನಂ ಹಾವಸೆ ಮಾರುತ್ತಾರೆ. ಅದನ್ನು ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ. ನೈಲಾನ್ ಸೊಳ್ಳೆಪರದೆ ಬಟ್ಟೆಯಲ್ಲಿ ಅಂಗೈ ಅಗಲದ ಚೀಲ ಹೊಲಿದು, ಎರಡು ಮೂರು ಗ್ರಾಂ ಹಾವಸೆ ಸಡಿಲವಾಗಿ ತುಂಬಿ. ಆಳೆತ್ತರಕ್ಕಿಂತ ಸ್ವಲ್ಪ ಮೇಲೆ, ನಾಲ್ಕೂ ಕಡೆ ಗಾಳಿ ಆಡುವಂತೆ ನೈಲಾನ್ ದಾರದಲ್ಲಿ ನೇತುಹಾಕಿ. ತಂತಿ ಬೇಡ. ಆರೆಂಟು ವಾರ ಬಿಡಿ. ಜಡಿಮಳೆ ಹಿಡಿದದ್ದನ್ನು ತೊಳೆದುಬಿಡುತ್ತದೆ, ಹಾಗಾಗಿ ಡಿಸೆಂಬರಿನಿಂದ ಮಾರ್ಚ್ ಒಳ್ಳೆ ಕಾಲ. ಎರಡು ಚೀಲ ಡಬ್ಬಿಯಲ್ಲಿ ಮುಚ್ಚಿ ಮನೆಯೊಳಗೇ ಇಟ್ಟಿರಿ. ಹೋಲಿಸಿ ನೋಡೋಕೆ ಅವು ಬೇಕೇ ಬೇಕು.

ಹಸಿ ತೂಕ, ಒಣ ತೂಕದ ಗೊಂದಲ

ಎಲೆಯ ವರದಿ ಕೈಗೆ ಬಂದಾಗ ಬಹಳ ಜನ ಇಲ್ಲಿ ಗಾಬರಿಯಾಗುತ್ತಾರೆ. ಸೊಪ್ಪಿನಲ್ಲಿ ಸೀಸ ಒಂದು ಕಿಲೋಗೆ 0.3 ಮಿಲಿಗ್ರಾಂ ದಾಟಬಾರದು, ಕ್ಯಾಡ್ಮಿಯಂ 0.2 ದಾಟಬಾರದು. ಇದು ಕೋಡೆಕ್ಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡದ ಮಿತಿ, ಹಸಿ ಸೊಪ್ಪಿನ ಲೆಕ್ಕ. ಲ್ಯಾಬ್ ಎಷ್ಟೋ ಸಲ ಒಣಗಿಸಿದ ಎಲೆಯ ಲೆಕ್ಕ ಕೊಡುತ್ತದೆ. ಸೊಪ್ಪಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು. ಅಂದರೆ ಒಣ ತೂಕದಲ್ಲಿ 3 ಅಂತ ಬಂದದ್ದು ಹಸಿಯಲ್ಲಿ 0.3 ಆಸುಪಾಸು. ವರದಿಯಲ್ಲಿ ಯಾವ ತೂಕ ಅಂತ ಬರೆದಿಲ್ಲದಿದ್ದರೆ ಫೋನ್ ಮಾಡಿ ಕೇಳಿ.

5. ಈಗ ಒಂದು ಕೂಡು-ಕಳೆ ಲೆಕ್ಕ

"ಸಾಸಿವೆ ಹಾಕಿ, ಮಣ್ಣಿನ ಸೀಸ ಎಲ್ಲ ಎಳೆದುಬಿಡುತ್ತೆ" ಅಂತ ಹೇಳುವವರು ತುಂಬಾ ಜನ. ಲೆಕ್ಕ ಹಾಕಿಯೇ ನೋಡೋಣ.

ಒಂದು ಚದರ ಮೀಟರ್ ಜಾಗ, 20 ಸೆಂ.ಮೀ. ಆಳ. ಇದರಲ್ಲಿ ಹೆಚ್ಚುಕಡಿಮೆ 260 ಕಿಲೋ ಮಣ್ಣಿರುತ್ತದೆ. ಸೀಸವನ್ನು 300ರಿಂದ 200ಕ್ಕೆ ಇಳಿಸಬೇಕು ಅಂದರೆ 26 ಗ್ರಾಂ ಸೀಸ ಹೊರಗೆ ಬರಬೇಕು. ಒಂದು ಬೆಳೆ ಸಾಸಿವೆಯಿಂದ ಅಷ್ಟು ಜಾಗದಲ್ಲಿ ಅರ್ಧ ಕಿಲೋ ಒಣ ಸೊಪ್ಪು, ಅದರಲ್ಲಿ ಕಿಲೋಗೆ 50 ಮಿಲಿಗ್ರಾಂ ಸೀಸ ಅಂತಿಟ್ಟುಕೊಳ್ಳಿ. ಇದು ಉದಾರವಾದ ಅಂದಾಜೇ. ಒಂದು ಬೆಳೆಗೆ ಹೊರಬಂದದ್ದು 25 ಮಿಲಿಗ್ರಾಂ. 26 ಗ್ರಾಂಗೆ ಸಾವಿರಕ್ಕೂ ಹೆಚ್ಚು ಬೆಳೆ. ವರ್ಷಕ್ಕೆ ನಾಲ್ಕು ಬೆಳೆ ಅಂದರೂ 260 ವರ್ಷ!

ಸೀಸ ಮಣ್ಣಿಗೆ ಅಂಟಿಕೊಂಡು ಕೂರುವ ಲೋಹ. ಬೇರಿನ ತನಕ ಬಂದರೂ ಮೇಲೆ ಏರುವುದು ಬಹಳ ಕಮ್ಮಿ. ಇಡಿಟಿಎ ಅನ್ನುವ ರಾಸಾಯನಿಕ ಹಾಕಿದರೆ ಸಾಸಿವೆ ಹೆಚ್ಚು ಎಳೆಯುತ್ತದೆ ಅನ್ನುವುದು ನಿಜ. ಆದರೆ ಅದೇ ರಾಸಾಯನಿಕ ಸೀಸವನ್ನು ಕೆಳಗಿನ ಅಂತರ್ಜಲಕ್ಕೂ ಇಳಿಸಬಹುದು. ಪಕ್ಕದಲ್ಲೇ ಬೋರ್‌ವೆಲ್ ಇಟ್ಟುಕೊಂಡು ಈ ಸಾಹಸ ಖಂಡಿತ ಬೇಡ.

ಕ್ಯಾಡ್ಮಿಯಂ ಲೆಕ್ಕ ಬೇರೆ. ಅದು ಗಿಡದೊಳಗೆ ಸಲೀಸಾಗಿ ಓಡಾಡುತ್ತದೆ. 3 ಪಿಪಿಎಂನಿಂದ 1ಕ್ಕೆ ಇಳಿಸಲು ಅದೇ ಜಾಗದಿಂದ ಹೊರಬರಬೇಕಾದದ್ದು ಬರೀ 520 ಮಿಲಿಗ್ರಾಂ. ಒಣ ಸೊಪ್ಪಲ್ಲಿ ಕಿಲೋಗೆ 20 ಮಿಲಿಗ್ರಾಂ ಸಿಕ್ಕರೆ ಬೆಳೆಗೆ 10. ಐವತ್ತೆರಡು ಬೆಳೆ, 13 ವರ್ಷ. ಉದ್ದವೇ, ಆದರೂ ಮನುಷ್ಯರ ಆಯಸ್ಸಿನೊಳಗೆ ಮುಗಿಯುವ ಮಾತು.

ಹಾಗಾಗಿ ನನ್ನ ತೀರ್ಮಾನ ಇಷ್ಟು: ಸೀಸ, ಕ್ರೋಮಿಯಂ ಇದ್ದರೆ ಹಿಡಿದಿಡಿ. ಕ್ಯಾಡ್ಮಿಯಂ, ಸತು, ಆರ್ಸೆನಿಕ್ ಇದ್ದು, ಜಾಗ ಚಿಕ್ಕದಿದ್ದು, ತಾಳ್ಮೆ ಇದ್ದರೆ ಎಳೆಯಿರಿ. ಪಾದರಸ ಇದ್ದರೆ ಮನೆಮಟ್ಟದಲ್ಲಿ ಕೈ ಹಾಕಬೇಡಿ.

6. ಹಿಡಿದಿಡುವುದು: ಲಾವಂಚ

ಮಡಕೆ ನೀರಿಗೆ ಹಾಕುವ ಲಾವಂಚವೇ ಇದಕ್ಕೆ ಸರಿಯಾದ ಹುಲ್ಲು. ಬೇರು ನೇರ ಕೆಳಗೆ ಇಳಿಯುತ್ತದೆ, ಒಳ್ಳೆ ಮಣ್ಣಲ್ಲಿ ಮೂರು ಮೀಟರಿನವರೆಗೂ. ಲೋಹದ ಹೆಚ್ಚು ಪಾಲು ಬೇರಲ್ಲೇ ಉಳಿಯುತ್ತದೆ, ಎಲೆಗೆ ಏರುವುದು ಕಮ್ಮಿ. ಮಣ್ಣು ಕೊಚ್ಚಿಹೋಗಲ್ಲ, ಧೂಳು ಏಳಲ್ಲ. ಸೀಸದ ವಿಷಯದಲ್ಲಿ ಧೂಳು ನಿಲ್ಲಿಸಿದರೆ ಮುಕ್ಕಾಲು ಕೆಲಸ ಆದ ಹಾಗೆ.

ಮುಂಗಾರು ಹಿಡಿಯುವ ಹೊತ್ತಿಗೆ ನೆಡಿ. ಹಳೇ ಬುಡ ಬಿಡಿಸಿ, ಎರಡು ಮೂರು ಕವಲಿರುವ ತುಂಡು ಮಾಡಿ. ಎಲೆಯನ್ನು ಒಂದು ಗೇಣು ಬಿಟ್ಟು, ಬೇರನ್ನು ನಾಲ್ಕು ಬೆರಳು ಬಿಟ್ಟು ಕತ್ತರಿಸಿ. ಸಾಲಲ್ಲಿ 15 ಸೆಂ.ಮೀ.ಗೆ ಒಂದು, ಸಾಲಿಂದ ಸಾಲಿಗೆ ಒಂದು ಮೀಟರ್. ಇಳಿಜಾರಿದ್ದರೆ ಅಡ್ಡಲಾಗಿ ನೆಡಿ. ಕೊಟ್ಟಿಗೆ ಗೊಬ್ಬರ ಧಾರಾಳವಾಗಿ ಹಾಕಿ, ಅದು ಸೀಸವನ್ನು ಹಿಡಿದುಕೊಳ್ಳುತ್ತದೆ. ಮಳೆ ಕೈಕೊಟ್ಟರೆ ಮೊದಲ ಎರಡು ತಿಂಗಳು ನೀರು ಕೊಡಿ. ಆಮೇಲೆ ಅದರ ಪಾಡಿಗೆ ಬಿಡಿ. ಸಾಲಿನ ನಡುವೆ ಗರಿಕೆ ಹಬ್ಬಿಸಿದರೆ ನೆಲ ಪೂರ್ತಿ ಮುಚ್ಚುತ್ತದೆ. ಆ ಗರಿಕೆಯನ್ನು ಮಾತ್ರ ಗಣಪತಿಗೂ ಕೀಳಬೇಡಿ, ಕರುವಿಗೂ ಹಾಕಬೇಡಿ.

ಮಣ್ಣಿನ ಪಿಎಚ್ 6ಕ್ಕಿಂತ ಕೆಳಗಿದ್ದರೆ, ಮಲೆನಾಡಿನ ಕಡೆ ಇದು ಮಾಮೂಲು, ಕೃಷಿ ಸುಣ್ಣ ಹಾಕಿ 6.5-7ಕ್ಕೆ ತನ್ನಿ. ಹುಳಿ ಕಮ್ಮಿಯಾದಷ್ಟೂ ಸೀಸ, ಕ್ಯಾಡ್ಮಿಯಂ ಬಿಗಿಯಾಗುತ್ತವೆ. ಎಷ್ಟು ಸುಣ್ಣ ಅನ್ನುವುದು ಮಣ್ಣಿನ ಮೇಲೆ ಹೋಗುತ್ತದೆ, ರೈತ ಸಂಪರ್ಕ ಕೇಂದ್ರದಲ್ಲಿ ವರದಿ ತೋರಿಸಿ ಕೇಳಿ. ಆರ್ಸೆನಿಕ್ ಇದ್ದರೆ ಮಾತ್ರ ಇದು ತಿರುಗಾ ಮುರುಗಾ. ಸುಣ್ಣ, ರಂಜಕದ ಗೊಬ್ಬರ ಎರಡೂ ಆರ್ಸೆನಿಕ್ಕನ್ನು ಸಡಿಲ ಮಾಡಬಹುದು. ಒಂದಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ. ಯಾವ ಲೋಹ ಅಂತ ತಿಳಿಯದೆ ಏನನ್ನೂ ಸುರಿಯಬೇಡಿ.

ಇನ್ನೊಂದು ಮಾತು: ಇಂಥ ಮಣ್ಣಲ್ಲಿ ಬೆಳೆದ ಲಾವಂಚದ ಬೇರನ್ನು ಮಡಕೆಗೆ ಹಾಕಬೇಡಿ, ತಟ್ಟಿ ಹೆಣೆಯುವವರಿಗೆ ಮಾರಬೇಡಿ. ಚಿಕ್ಕಮ್ಮನಿಗೆ ಇದನ್ನು ಮೂರು ಸಲ ಹೇಳಬೇಕಾಯಿತು.

7. ಎಳೆಯುವುದು: ಸಾಸಿವೆ ಮತ್ತು ಜರಿಗಿಡ

ಕ್ಯಾಡ್ಮಿಯಂ, ಸತುವಿಗೆ ಸಾಸಿವೆ. ಒತ್ತಾಗಿ ಬಿತ್ತಿ, ಚೆನ್ನಾಗಿ ಗೊಬ್ಬರ ಕೊಟ್ಟು ಸೊಪ್ಪು ಹೆಚ್ಚಿಸಿ. ಎಲೆಯಲ್ಲಿ ಎಷ್ಟು ಲೋಹ ಅನ್ನುವಷ್ಟೇ ಎಷ್ಟು ಕಿಲೋ ಸೊಪ್ಪು ಅನ್ನುವುದೂ ಮುಖ್ಯ. ಹೂ ಬಿಡುವ ಹೊತ್ತಿಗೆ, ಕಾಯಿ ಕಟ್ಟುವ ಮೊದಲೇ ಕೊಯ್ಯಿರಿ. ಕಾಯಿ ಕಟ್ಟಿದರೆ ಎಲೆ ಉದುರಿ ಲೋಹ ಮತ್ತೆ ನೆಲಕ್ಕೆ. ಒಗ್ಗರಣೆಗೆ ನಾಲ್ಕು ಕಾಳು ಇಟ್ಟುಕೊಳ್ಳೋಣ ಅನ್ನುವ ಆಸೆಯೂ ಬರುತ್ತದೆ, ಅಲ್ವಾ?

ಆರ್ಸೆನಿಕ್‌ಗೆ ಒಂದು ಜರಿಗಿಡವಿದೆ, ಟೆರಿಸ್ ವಿಟಾಟಾ. ಹಳೇ ಬಾವಿಯ ಕಲ್ಲುಸಂದಿಯಲ್ಲಿ, ಗಾರೆ ಗೋಡೆಯ ಬಿರುಕಲ್ಲಿ ಉದ್ದುದ್ದ ಗರಿ ಬಿಟ್ಟುಕೊಂಡು ಬೆಳೆಯುವುದನ್ನು ನೀವು ನೋಡಿರುತ್ತೀರಿ. ಇದು ಆರ್ಸೆನಿಕ್ಕನ್ನು ಗರಿಗೆ ತುಂಬಿಕೊಳ್ಳುತ್ತದೆ ಅಂತ ಗೊತ್ತಾದದ್ದು 2001ರಲ್ಲಿ, ಅಮೆರಿಕದ ಫ್ಲಾರಿಡಾದಲ್ಲಿ ಕಡಿದ ಮರ ಕೆಡದಂತೆ ಔಷಧಿ ಹಾಕುತ್ತಿದ್ದ ಒಂದು ಹಳೇ ಜಾಗದಿಂದ. ಕುಂಡದ ಪ್ರಯೋಗದಲ್ಲಿ ಒಣ ಗರಿಯ ತೂಕದಲ್ಲಿ ನೂರಕ್ಕೆ ಎರಡು ಪಾಲಿಗಿಂತ ಜಾಸ್ತಿ ಆರ್ಸೆನಿಕ್ಕೇ ಇತ್ತು! ಬೇರೆ ಗಿಡವಾಗಿದ್ದರೆ ಎಂದೋ ಸಾಯುತ್ತಿತ್ತು. ಅರೆನೆರಳು, ಸುಣ್ಣದಂಶದ ಮಣ್ಣು ಇದಕ್ಕೆ ಇಷ್ಟ. ಒಂದಡಿಗೆ ಒಂದು ಸಸಿ ನೆಟ್ಟು, ಬಲಿತ ಗರಿಗಳನ್ನು ವರ್ಷಕ್ಕೆ ಒಂದೆರಡು ಸಲ ಕೊಯ್ದರೆ ಬುಡ ಮತ್ತೆ ಚಿಗುರುತ್ತದೆ. ಕೈಗವಸು ಮರೆಯಬೇಡಿ.

ಆದರೆ ಇದು ಮಣ್ಣಿಗೆ, ಬಾವಿ ನೀರಿಗಲ್ಲ. ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದಲ್ಲಿ ಕುಡಿಯುವ ನೀರಿನ ಆರ್ಸೆನಿಕ್‌ನಿಂದ ಜನರ ಚರ್ಮಕ್ಕೆ ರೋಗ ಬಂದದ್ದು ಗೊತ್ತಿರಬಹುದು. ರಾಯಚೂರು, ಯಾದಗಿರಿ ಕಡೆ ಚಿನ್ನದ ಅದಿರಿರುವ ಬಂಡೆಗಳಲ್ಲೇ ಆರ್ಸೆನಿಕ್ ಇದೆ. ಲೀಟರಿಗೆ 10 ಮೈಕ್ರೋಗ್ರಾಂ ದಾಟಿದ ನೀರು ಕುಡಿಯೋಕೆ ಬೇಡ. ಅಂಥ ಬೋರ್‌ವೆಲ್ಲಿಗೆ ಬೇಕಾದದ್ದು ಬೀಗ, ಗಿಡವಲ್ಲ.

8. ನಿಂತ ನೀರಿಗೆ

ಜೊಂಡು, ಅಂತರಗಂಗೆ, ಬೆಂಗಳೂರಿನ ಕೆರೆಗಳನ್ನು ಮುಚ್ಚಿಹಾಕುವ ಹಯಸಿಂತ್ ಕಳೆ, ಇವೆಲ್ಲ ನೀರಿನ ಲೋಹವನ್ನು ಬೇರಿನಲ್ಲಿ ಹಿಡಿಯುತ್ತವೆ. ಜಕ್ಕೂರು ಕೆರೆಗೆ ಶುದ್ಧೀಕರಣ ಘಟಕದ ನೀರು ಒಂದು ಜೊಂಡಿನ ಜೌಗು ದಾಟಿಯೇ ಬರುವಂತೆ ಮಾಡಿದ್ದಾರೆ. ಅದರ ಮುಖ್ಯ ಕೆಲಸ ಸಾರಜನಕ, ರಂಜಕ ತಗ್ಗಿಸುವುದು. ಜಮೀನಿನ ಹೊಂಡಕ್ಕೆ ನೀರು ಬರುವ ಬಾಯಲ್ಲಿ ಇಂಥದ್ದೇ ಸಣ್ಣ ಜೊಂಡಿನ ಪಟ್ಟಿ ಮಾಡಬಹುದು. ಹಯಸಿಂತ್ ಅನ್ನು ಮಾತ್ರ ಹೊಸದಾಗಿ ತಂದು ಬಿಡಬೇಡಿ, ಆಮೇಲೆ ಅದನ್ನು ಹಿಡಿಯೋಕೆ ಆಳು ಸಿಗಲ್ಲ. ಕಳೆ ನೀರಲ್ಲೇ ಸತ್ತು ಕೊಳೆತರೆ ಹಿಡಿದ ಲೋಹ ಅಲ್ಲೇ ವಾಪಸ್. ಹಾಗಾಗಿ ಆಗಾಗ ಎತ್ತಿ ಹಾಕಲೇಬೇಕು. ಎತ್ತಿದ್ದನ್ನು ಪರೀಕ್ಷೆ ಮಾಡಿಸದೆ ಕಾಂಪೋಸ್ಟ್ ಮಾಡಿ ತೋಟಕ್ಕೆ ಕೊಡುವುದು ಎಲ್ಲರೂ ಮಾಡುವ ತಪ್ಪು.

9. ಕೊಯ್ದದ್ದನ್ನು ಏನು ಮಾಡುವುದು

ಎಲ್ಲರೂ ಇದನ್ನು ಕೊನೆಗೆ ಯೋಚಿಸುತ್ತಾರೆ. ನೆಡುವ ಮೊದಲೇ ಯೋಚಿಸಬೇಕು.

ದನಕ್ಕೆ ಹಾಕಬೇಡಿ. ಗೊಬ್ಬರದ ಗುಂಡಿಗೆ ಬೇಡ. ಸುಡುವುದಂತೂ ಬೇಡವೇ ಬೇಡ, ಕ್ಯಾಡ್ಮಿಯಂ, ಆರ್ಸೆನಿಕ್ ಹೊಗೆಯಲ್ಲಿ ಹಾರಿ ಪಕ್ಕದ ಮನೆಗೆ ಹೋಗುತ್ತವೆ, ಉಳಿದದ್ದು ಬೂದಿಯಲ್ಲಿ. ಮಳೆ ಬೀಳದ ಕಡೆ ಟಾರ್ಪಾಲ್ ಮೇಲೆ ಹರಡಿ ಒಣಗಿಸಿ. ಒಣಗಿದರೆ ಹತ್ತು ಕಿಲೋ ಸೊಪ್ಪು ಒಂದು ಕಿಲೋ ಆಗುತ್ತದೆ. ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಯಿ ಕಟ್ಟಿ, ಮೇಲೆ "ಲೋಹದ ಗಿಡ, ಮೇವಿಗಲ್ಲ" ಅಂತ ದಪ್ಪಕ್ಷರದಲ್ಲಿ ಬರೆಯಿರಿ. ಒಂದು ಚೀಲದಿಂದ ಸ್ವಲ್ಪ ಲ್ಯಾಬಿಗೆ ಕೊಡಿ. ಅಂಕಿ ಜಾಸ್ತಿ ಬಂದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಯಲ್ಲಿ ವಿಚಾರಿಸಿ. ಅಪಾಯಕಾರಿ ತ್ಯಾಜ್ಯ ಹೂಳುವ ಅಧಿಕೃತ ಜಾಗ ದಾಬಸ್‌ಪೇಟೆಯಲ್ಲಿದೆ. ಲಾವಂಚದ ಹಾದಿ ಹಿಡಿದರೆ ಈ ತಲೆನೋವು ಬಹಳ ಕಮ್ಮಿ. ಕತ್ತರಿಸಿದ ಎಲೆಯನ್ನು ಅದೇ ಸಾಲಿನ ಬುಡಕ್ಕೆ ಹೊದಿಕೆ ಮಾಡಿದರಾಯಿತು.

10. ಅಲ್ಲಿಯವರೆಗೆ ಮನೆಯವರು

ಸೀಸ ಹೊಟ್ಟೆಗೆ ಹೋಗುವ ದೊಡ್ಡ ದಾರಿ ತರಕಾರಿಯಲ್ಲ, ಮಕ್ಕಳ ಕೈ. ಮಣ್ಣಲ್ಲಿ ಆಡಿ ಬೆರಳು ಬಾಯಿಗಿಡುತ್ತವೆ. ಬರೀ ನೆಲ ಕಾಣದ ಹಾಗೆ ಮುಚ್ಚಿ. ಚಪ್ಪಲಿ ಹೊರಗೆ ಬಿಡಿ, ಒಣ ಕಸ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಮಣ್ಣಿನ ಅಂಕಿ ಜಾಸ್ತಿ ಬಂದಿದ್ದು ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಡಾಕ್ಟರಿಗೆ ಹೇಳಿ ರಕ್ತದ ಸೀಸ ಒಂದು ಸಲ ನೋಡಿಸಿ. ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಮುಟ್ಟಿದರೆ ಎಲ್ಲಿಂದ ಬರುತ್ತಿದೆ ಅಂತ ಹುಡುಕಿ ನಿಲ್ಲಿಸಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಈ ವಿಷಯವನ್ನು ದೇಶದ ಮುಂದಿಟ್ಟವರು, ಅವರನ್ನು "ಭಾರತದ ಸೀಸದ ಮನುಷ್ಯ" ಅಂತಲೇ ಕರೆಯುತ್ತಾರೆ.

ತರಕಾರಿ ಬಿಡಬೇಕಾಗಿಲ್ಲ, ಬದಲಾಯಿಸಿ. ಸೊಪ್ಪು, ಮೂಲಂಗಿ, ಕ್ಯಾರೆಟ್ ಆ ಮಣ್ಣಲ್ಲಿ ಬೇಡ. ಟೊಮೆಟೊ, ಬದನೆ, ಬೆಂಡೆ, ಹುರುಳಿಕಾಯಿಯಂಥ ಕಾಯಿಗಳಿಗೆ ಲೋಹ ಏರುವುದು ಕಮ್ಮಿ. ಸೊಪ್ಪು ಬೇಕೇ ಬೇಕು ಅಂದರೆ ಇಟ್ಟಿಗೆ ಕಟ್ಟಿ ಒಂದಡಿ ಎತ್ತರದ ಮಡಿ ಮಾಡಿ, ಕೆಳಗೆ ದಪ್ಪ ಬಟ್ಟೆ ಹಾಸಿ, ಪರೀಕ್ಷಿಸಿದ ಮಣ್ಣು ತುಂಬಿ.

11. ಮತ್ತೆ ಅಳೆಯುವುದು

ವರ್ಷಕ್ಕೊಮ್ಮೆ, ಅದೇ ತಿಂಗಳು, ಅದೇ ಕೈನಕ್ಷೆ, ಅದೇ ಲ್ಯಾಬ್. ಎಳೆಯುವ ಹಾದಿಯಲ್ಲಿದ್ದರೆ ಮಣ್ಣಿನ ಅಂಕಿ ಒಂದೇ ವರ್ಷಕ್ಕೆ ಇಳಿಯುತ್ತದೆ ಅಂತ ಕಾಯಬೇಡಿ. ಅಷ್ಟು ಸಣ್ಣ ಇಳಿಕೆ ಲ್ಯಾಬಿನ ಏರುಪೇರಿನಲ್ಲೇ ಮುಚ್ಚಿಹೋಗುತ್ತದೆ. ಕೊಯ್ದ ಸೊಪ್ಪಿನ ಒಣ ತೂಕವನ್ನು ಅದರ ಲೋಹದ ಅಂಕಿಯಿಂದ ಗುಣಿಸಿ, ಎಷ್ಟು ಮಿಲಿಗ್ರಾಂ ಹೊರಬಂತು ಅಂತ ಪುಸ್ತಕದಲ್ಲಿ ಬರೆದಿಡಿ. ಹಿಡಿದಿಡುವ ಹಾದಿಯಲ್ಲಿದ್ದರೆ ಮಣ್ಣಿನ ಅಂಕಿ ಇಳಿಯುವುದೇ ಇಲ್ಲ. ಅಲ್ಲಿ ಪಕ್ಕದ ಕುಂಡದ ಸೊಪ್ಪು, ಹಾವಸೆ ಚೀಲದ ಅಂಕಿ ಇಳಿಯಿತಾ ಅಂತ ನೋಡಬೇಕು.

ಚಿಕ್ಕಮ್ಮನ ಕಟ್ಟೆ ಸುತ್ತ ಈಗ ಸೊಂಟದೆತ್ತರ ಲಾವಂಚ. ಪಾಲಕ್ ಇಟ್ಟಿಗೆ ಮಡಿಗೆ ಹೋಗಿದೆ. ಎರಡು ಹಾವಸೆ ಚೀಲ ಬಟ್ಟೆ ಒಣಹಾಕುವ ಹಗ್ಗದ ಪಕ್ಕ ತೂಗುತ್ತಿವೆ. ಬಂದವರೆಲ್ಲ ದೃಷ್ಟಿಗೆ ಕಟ್ಟಿದ್ದೀರಾ ಅಂತ ಕೇಳುತ್ತಾರೆ. ಚಿಕ್ಕಮ್ಮ ಹೂಂ ಅಂದುಬಿಡುತ್ತಾರೆ. ಮಾರ್ಚ್ ಕೊನೆಗೆ ಬಿಚ್ಚಬೇಕು.